ಕಷ್ಟಕಾಲದ ಬಗ್ಗೆ ಐದು ಮನೆಕೂಟ: ಯಾವ ವಾಕ್ಯ, ಯಾವ ಕ್ರಮ?

ಕೇಳಿದವರು: ವಾರ್ಡ್ ಮನೆಕೂಟ

ಎಲ್ಲರಿಗೂ ವಂದನೆಗಳು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್‌ನಲ್ಲಿ ನಮ್ಮ ವಾರ್ಡಿನ ಮನೆಕೂಟಕ್ಕೆ ಐದು ಬುಧವಾರ ಸಿಕ್ಕಿವೆ. ವಿಷಯ ನಮ್ಮ ಸಭೆಯ ಪಾಸ್ಟರ್ ಅಯ್ಯನವರೇ ಕೊಟ್ಟಿದ್ದಾರೆ: ಕಷ್ಟದ ಮೂಲಕ ದೇವರು ವಿಶ್ವಾಸವನ್ನು ಹೇಗೆ ಬಲಪಡಿಸುತ್ತಾನೆ. ಬರುವವರು ಹತ್ತು ಹನ್ನೆರಡು ಜನ. ಅದರಲ್ಲಿ ಒಬ್ಬ ಹಿರಿಯರಿಗೆ ಡಯಾಲಿಸಿಸ್ ನಡೆಯುತ್ತಿದೆ. ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡು ಇನ್ನೂ ಮೂರು ತಿಂಗಳಾಗಿಲ್ಲ. ಇನ್ನೊಬ್ಬರಿಗೆ ಕೆಲಸ ಹೋಗಿದೆ.

ರೋಮಾ 5:3-5, ಯಾಕೋಬ 1:2-4, ರೋಮಾ 8:28 ಇಷ್ಟರಿಂದ ಶುರು ಮಾಡೋಣ ಅಂತಿತ್ತು. ಆದರೆ ಗಂಡನನ್ನು ಕಳೆದುಕೊಂಡವರ ಎದುರು ಕೂತು, ಕಷ್ಟ ಬಂದಾಗ ಸಂತೋಷಪಡಿ ಎಂದು ಓದಲು ಬಾಯೇ ಬರುವುದಿಲ್ಲ. ಯಾವ ಕ್ರಮದಲ್ಲಿ ಓದಿಸಬೇಕು, ಒಂದೂಕಾಲು ಗಂಟೆ ಹೇಗೆ ಹಂಚಬೇಕು, ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ, ತಿಳಿದವರು ಹೇಳಿ.

ಉತ್ತರ: ಒರೆಗಲ್ಲು

ಬಾಯಿ ಬರದಿರುವುದು ಒಳ್ಳೆಯ ಲಕ್ಷಣವೇ. ನೀವು ಆರಿಸಿದ ಮೂರೂ ವಾಕ್ಯ ಸರಿ, ಜಾಗ ಮಾತ್ರ ಸರಿಯಿಲ್ಲ. ಅವನ್ನು ನಾಲ್ಕನೇ ವಾರಕ್ಕೆ ಇಡಿ. ರೋಮಾ 5ನೇ ಅಧ್ಯಾಯ ಹಿಂದಿನ ನಾಲ್ಕು ಅಧ್ಯಾಯಗಳ ಹೆಗಲ ಮೇಲೆ ನಿಂತಿದೆ. ದೇವರೊಂದಿಗೆ ಸಮಾಧಾನವಾಯಿತು ಎಂದು ಹೇಳಿ ಮುಗಿಸಿದ ಮೇಲಷ್ಟೇ ಪೌಲನು ಉಪದ್ರವದ ಮಾತೆತ್ತುವುದು. ಮೊದಲ ದಿನವೇ ಅದನ್ನು ಓದಿದರೆ, ನೊಂದವರ ಕಿವಿಗೆ 'ಸುಮ್ಮನೆ ಸಹಿಸಿಕೊಳ್ಳಿ' ಎಂದಷ್ಟೇ ಬೀಳುತ್ತದೆ.

ಮೊದಲ ವಾರ ಯೋಹಾನ 9:1-3 ಮತ್ತು ಲೂಕ 13:1-5. ಕಷ್ಟದಲ್ಲಿರುವವರ ಒಳಗೆ ಕೊರೆಯುವ ಪ್ರಶ್ನೆ ಒಂದೇ: ನಾನೇನು ಪಾಪ ಮಾಡಿದ್ದೆ? ಹಣೆಬರಹ, ಕರ್ಮ, ಯಾರದೋ ಶಾಪ, ಇವೆಲ್ಲ ದೀಕ್ಷಾಸ್ನಾನದ ನೀರಿಗೆ ನಾಲಿಗೆಯಿಂದ ತೊಳೆದುಹೋಗುವ ಮಾತುಗಳಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಅದನ್ನೇ: ಪಾಪ ಇವನದೋ, ತಂದೆತಾಯಿಯದೋ? ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿ ಉಳಿದ ಊರವರಿಗಿಂತ ಹೆಚ್ಚು ಪಾಪಿಗಳೇನಲ್ಲ ಎನ್ನುತ್ತಾನೆ. ಈ ಕಸ ಗುಡಿಸದೆ ಮುಂದೆ ಹೋದರೆ ಉಳಿದ ನಾಲ್ಕು ವಾರದ ಪಾಠವೂ 'ನಿನ್ನ ತಪ್ಪಿಗೆ ಇದು ಶಾಸ್ತಿ' ಎಂಬ ಅರ್ಥಕ್ಕೇ ತಿರುಗುತ್ತದೆ.

ಎರಡನೇ ವಾರ ಕೀರ್ತನೆ 13. ಆರೇ ವಚನ. ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ 'ಎಷ್ಟರ ತನಕ' ಬರುತ್ತದೆ. 3-4ರಲ್ಲಿ ಬೇಡಿಕೆ. 5-6ರಲ್ಲಿ ಭರವಸೆ. ಇದನ್ನು ಓದಿ ಬಿಡಬೇಡಿ, ಮಾಡಿಸಿ. ಎಲ್ಲರಿಗೂ ಒಂದೊಂದು ಹಾಳೆ, ಹದಿನೈದು ನಿಮಿಷ. ಮೊದಲ ಸಾಲು ದೇವರನ್ನು ಕರೆಯುವುದು, ಎರಡನೆಯದು ದೂರು, ಮೂರನೆಯದು ಇಂಥದ್ದೇ ಬೇಕೆಂಬ ಬೇಡಿಕೆ, ನಾಲ್ಕನೆಯದು ಹೇಳಲಾದರೆ ಭರವಸೆಯ ಮಾತು, ಆಗದಿದ್ದರೆ ಖಾಲಿ. ಬರೆಯಲು ಬಾರದವರು ಪಕ್ಕದವರಿಗೆ ಪಿಸುಮಾತಿನಲ್ಲಿ ಹೇಳಲಿ. ಗಟ್ಟಿಯಾಗಿ ಓದಿಸಬೇಡಿ, ಹಾಳೆ ಅವರವರ ಬೈಬಲಿನೊಳಗೇ ಇರಲಿ. ಇಲ್ಲಿ ಎಡವುವುದು ಎರಡನೇ ಸಾಲಿನಲ್ಲಿ. ದೂರು ಹೇಳಬೇಕಾದ ಕಡೆ ನಮ್ಮವರು 'ಕರ್ತನೇ, ನಿನ್ನ ಚಿತ್ತವೇ ಆಗಲಿ' ಎಂದು ಬರೆದುಬಿಡುತ್ತಾರೆ. ಅದು ನಾಲ್ಕನೇ ಸಾಲಿನ ಮಾತು. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಪ್ರಲಾಪವೇ ಇರುವಾಗ, ದೇವರ ಮುಂದೆ ಗೋಳು ತೋಡಿಕೊಳ್ಳುವುದು ಅವಿಶ್ವಾಸ ಹೇಗಾದೀತು? ಬಾಗಿಲು ತಟ್ಟುವವನಿಗೆ ಒಳಗೆ ಯಾರೋ ಇದ್ದಾರೆಂಬ ನಂಬಿಕೆ ಇರುತ್ತದಲ್ಲ.

ಮೂರನೇ ವಾರ 1 ಅರಸುಗಳು 19. ಸಾಯಬೇಕು ಎಂದು ಕುರುಚಲು ಗಿಡದಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಉಂಡು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ. ಆಮೇಲೆ ನಲವತ್ತು ದಿನದ ನಡಿಗೆ. 'ಇಲ್ಲೇನು ಮಾಡುತ್ತಿದ್ದೀ' ಎಂಬ ಪ್ರಶ್ನೆ ಬರುವುದು ಹೋರೇಬಿನಲ್ಲಿ, ಇಷ್ಟೆಲ್ಲ ಆದ ನಂತರ. ಕೂಟದಲ್ಲಿ ಈ ಅನುಕ್ರಮವನ್ನೇ ಬೆರಳಿಟ್ಟು ತೋರಿಸಿ: ನಿದ್ದೆ, ಊಟ, ದಾರಿ, ಪ್ರಶ್ನೆ, ಕೊನೆಗೆ ಹೊಸ ಕೆಲಸ. ಕೆಲಸ ಕಳೆದುಕೊಂಡ ಮನೆಗೆ ಆ ವಾರ ಯಾರು ಅಕ್ಕಿಬೇಳೆ ತಲುಪಿಸುತ್ತಾರೆ ಎಂಬುದನ್ನು ಕೂಟದ ಹೊರಗೆ, ಸದ್ದಿಲ್ಲದೆ ತೀರ್ಮಾನಿಸಿ.

ನಾಲ್ಕನೇ ವಾರಕ್ಕೆ ನಿಮ್ಮ ರೋಮಾ, ಯಾಕೋಬ. 8:28 ಓದುವಾಗ 29ನ್ನು ಬಿಡಬೇಡಿ. 'ಒಳ್ಳೆಯದಾಗುತ್ತದೆ' ಎಂದರೆ ಹೋದ ಕೆಲಸಕ್ಕಿಂತ ದೊಡ್ಡ ಕೆಲಸ ಸಿಗುತ್ತದೆ ಎಂದಲ್ಲ. ದೇವರ ಮಗನಾದ ಯೇಸುವಿನ ಸಾರೂಪ್ಯಕ್ಕೆ ಬರುವುದೇ ಆ ಒಳ್ಳೆಯದು ಎಂದು 29 ಹೇಳುತ್ತದೆ.

ಐದನೆಯದು ಯೋಸೇಫ, ಅಣ್ಣಂದಿರೇ ಗುಂಡಿಗೆ ತಳ್ಳಿ ಐಗುಪ್ತಕ್ಕೆ ಮಾರಿದ ತಮ್ಮ. ಇವನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೇ ತೋರಿಸಬೇಕು. 17ನೇ ವಯಸ್ಸಿನಲ್ಲಿ ಕಥೆ ಶುರು (ಆದಿಕಾಂಡ 37:2). ಫರೋಹನ ಮುಂದೆ ನಿಂತಾಗ 30 (41:46). ನಡುವೆ 13 ವರ್ಷ, ಅದರಲ್ಲಿ ಸೆರೆಮನೆಯಲ್ಲಿ ಜೊತೆಗಿದ್ದ ಫರೋಹನ ಪಾನದಾಯಕ ಅವನನ್ನು ಮರೆತುಬಿಟ್ಟ ಎರಡು ಪೂರ್ತಿ ವರ್ಷ. ಸುಭಿಕ್ಷದ 7, ಬರದ 2 ಕಳೆದು ಅಣ್ಣಂದಿರಿಗೆ ಗುರುತು ಹೇಳುವಾಗ 39. ಯಾಕೋಬನು ಐಗುಪ್ತದಲ್ಲಿ 17 ವರ್ಷ ಬದುಕಿದ (47:28). ಅವನು ಸತ್ತ ಮೇಲೆ, ಅಂದರೆ ಸುಮಾರು 56ರಲ್ಲಿ, ಯೋಸೇಫ ಆ ಪ್ರಸಿದ್ಧ ಮಾತು ಹೇಳುವುದು: ನೀವು ಕೇಡು ಬಗೆದಿರಿ, ದೇವರು ಅದನ್ನೇ ಒಳ್ಳೆಯದಕ್ಕೆ ತಿರುಗಿಸಿದ (50:20). ಈ ಮಾತು ಯಾರ ಬಾಯಿಂದ ಬಂತು ಎಂದು ಕೂಟದವರನ್ನೇ ಕೇಳಿ. ಗುಂಡಿಗೆ ಬಿದ್ದವನ ಬಾಯಿಂದ. ತಳ್ಳಿದ ಅಣ್ಣಂದಿರು ಗುಂಡಿಯ ಬಾಯಲ್ಲಿ ನಿಂತು 'ತಮ್ಮಾ, ಇದರಲ್ಲಿ ದೇವರ ಉದ್ದೇಶವಿದೆ' ಎಂದಿದ್ದರೆ ಹೇಗಿರುತ್ತಿತ್ತು? ಪಾಠ ಏನೆಂದು ಹೇಳುವ ಹಕ್ಕು ನೊಂದವರದು, ಅದೂ ಅವರಿಗೆ ಕಂಡ ದಿನ. 2 ಕೊರಿಂಥ 1:8-9ರಲ್ಲಿ ಪೌಲನೂ ತನ್ನ ಕಷ್ಟದ ಉದ್ದೇಶವನ್ನು ತಾನೇ ಹೇಳುತ್ತಾನೆ, ಅದು ಕಳೆದ ಮೇಲೆ.

ಸಮಯ: ಹಾಡು 10 ನಿಮಿಷ, ಒಂದೇ ಭಾಗವನ್ನು ಇಬ್ಬರಿಂದ ಎರಡು ಸಲ ಓದಿಸಲು 5, ಮಾತುಕತೆ 35, ಮೂರು ಮೂರು ಜನರ ಪ್ರಾರ್ಥನೆ 15. ಉಳಿದ ಹತ್ತು ಸಾಕ್ಷಿಗೆ, ಒಬ್ಬರಿಗೆ ಮೂರೇ ನಿಮಿಷ. ಸಾಕ್ಷಿ ಎಂದರೆ ಗೆದ್ದ ಕಥೆ ಮಾತ್ರ ಎಂದಾಗಿಬಿಟ್ಟಿದೆ. 'ಇನ್ನೂ ಉತ್ತರ ಸಿಕ್ಕಿಲ್ಲ, ಆದರೂ ಬಂದಿದ್ದೇನೆ' ಎನ್ನುವುದೂ ಸಾಕ್ಷಿಯೇ ಎಂದು ಮೊದಲೇ ಹೇಳಿಡಿ.

ಉತ್ತರ: ಗರಡಿಮನೆ

ಒರೆಗಲ್ಲು ಅವರ ಕ್ರಮ ಚೆನ್ನಾಗಿದೆ. ನಾಲ್ಕನೇ ವಾರ ಮಾತ್ರ ಪದಗಳಲ್ಲೇ ಜಾರಿಬೀಳುವ ಸಾಧ್ಯತೆ ಹೆಚ್ಚು. ನಮ್ಮ ಸತ್ಯವೇದದ ಕನ್ನಡ ಒಂದು, ಬೀದಿಯ ಕನ್ನಡ ಇನ್ನೊಂದು.

ಮೊದಲು 'ಶಿಕ್ಷೆ'. ಇಬ್ರಿಯ 12:5-11ರಲ್ಲಿ ಈ ಪದ ಕೇಳಿದ ಕೂಡಲೇ ಕೋರ್ಟು, ಜೈಲು, ಬೆತ್ತ ಕಣ್ಣಿಗೆ ಬರುತ್ತವೆ. ಗ್ರೀಕ್ ಮೂಲದ 'ಪೈದೇಯ' ಎಂದರೆ ಮಗುವನ್ನು ತಿದ್ದಿ ಬೆಳೆಸುವ ಇಡೀ ಕೆಲಸ. ತಮಾಷೆಯೆಂದರೆ ನಮ್ಮ ಶಿಕ್ಷೆಯ ಬೇರೂ ಅದೇ: ಶಿಕ್ಷಣ, ಶಿಕ್ಷಕ, ಶಿಕ್ಷೆ ಮೂರೂ ಒಂದೇ ಧಾತುವಿನ ಮಕ್ಕಳು. ಈ ಮೂರನ್ನು ಒಟ್ಟಿಗೆ ಬರೆದು ತೋರಿಸಿದರೆ ಸಾಕು, ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ. 11ನೇ ವಚನದಲ್ಲಿ 'ತರಬೇತಾದವರಿಗೆ' ಎಂಬ ಅರ್ಥದ ಪದ ವ್ಯಾಯಾಮಶಾಲೆಯದು, ನಮ್ಮ ಗರಡಿಯ ತಾಲೀಮಿನಂಥದು. ಗರಡಿಯ ಮಣ್ಣಲ್ಲಿ ಬರಿದೆ ಹೊರಳಾಡಿದವನಿಗೆ ತೋಳು ಬಲಿಯುವುದಿಲ್ಲ, ಉಸ್ತಾದರ ಮಾತು ಕೇಳಿ ದಿನಾ ಸಾಮು ತೆಗೆದವನಿಗೆ ಬಲಿಯುತ್ತದೆ. ಕಷ್ಟ ತಾನಾಗಿಯೇ ಯಾರನ್ನೂ ಭಕ್ತರನ್ನಾಗಿ ಮಾಡುವುದಿಲ್ಲ. ಕಷ್ಟದಿಂದ ಕಹಿಯಾದವರೂ ಇದ್ದಾರೆ, ಅವರ ಮೇಲೆ ಕೋಪಿಸಿಕೊಳ್ಳಬೇಡಿ.

ಎರಡನೆಯದು 'ಶೋಧನೆ'. ಯಾಕೋಬ 1:2ರ ಕಷ್ಟ, 1:13ರ ಪ್ರಲೋಭನೆ, ಎರಡಕ್ಕೂ ಗ್ರೀಕಿನಲ್ಲಿ ಬೇರು ಒಂದೇ. ಒಂದೇ ಘಟನೆ ಒಂದು ಕಡೆಯಿಂದ ಪರೀಕ್ಷೆ, ಇನ್ನೊಂದು ಕಡೆಯಿಂದ ಬೀಳಿಸುವ ಗಾಳ. ಕೆಲಸ ಹೋದದ್ದನ್ನೇ ತಗೊಳ್ಳಿ: ತಾಳ್ಮೆಗೂ ದಾರಿ, ಸುಳ್ಳು ಸರ್ಟಿಫಿಕೇಟಿಗೂ ದಾರಿ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಎಳೆಯುವುದಿಲ್ಲ ಎಂದು 13 ಖಂಡಿತವಾಗಿ ಹೇಳುತ್ತದೆ.

ಇನ್ನು ರೋಮಾ 5ರ ಸರಪಳಿ: ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವ, ಅನುಭವದಿಂದ ನಿರೀಕ್ಷೆ. ಇದೇ ಕ್ರಮದಲ್ಲಿ ಗ್ರೀಕ್ ಪದಗಳು. 'ಥ್ಲಿಪ್ಸಿಸ್' ಎಂದರೆ ಹಿಂಡುವ ಇಕ್ಕಟ್ಟು. 'ಹುಪೊಮೊನೆ' ಎಂದರೆ ಭಾರದ ಕೆಳಗೆ ಕಾಲೂರಿ ನಿಲ್ಲುವುದು, ಬರೀ ಸುಮ್ಮನಿರುವುದಲ್ಲ. 'ದೊಕಿಮೆ' ಎಂದರೆ ಒರೆಗೆ ಹಚ್ಚಿ ಸೈ ಎನಿಸಿಕೊಂಡದ್ದು. ಕೊನೆಯ 'ನಿರೀಕ್ಷೆ' ಈಗಿನ ಮಾತಿನಲ್ಲಿ ರಿಸಲ್ಟಿಗೋ ಬಸ್ಸಿಗೋ ಕಾಯುವುದಾಗಿಬಿಟ್ಟಿದೆ. ಅಲ್ಲಿ ಭರವಸೆ ಎಂದು ಬಾಯಲ್ಲಿ ಸೇರಿಸಿ ಹೇಳಿ.

1 ಪೇತ್ರ 1:7 ಓದಿಸುವುದಾದರೆ ಪುಟಕ್ಕಿಟ್ಟ ಚಿನ್ನ ಎಂಬ ನಮ್ಮ ನುಡಿಗಟ್ಟು ಕೈಗೆ ಸಿದ್ಧವಾಗಿದೆ. ಆದರೆ ನಿಖರವಾಗಿ ಹೇಳಿ. ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮೂಸೆಯಲ್ಲಿ ಬಿಳಿಗಾರ ಸೇರಿಸಿ ಕಾಯಿಸಿದಾಗ ಕಲ್ಮಶ ಕಿಟ್ಟವಾಗಿ ಬೇರೆಯಾಗುತ್ತದೆ. ಬೆಂಕಿ ಕಲ್ಲನ್ನು ಚಿನ್ನ ಮಾಡುವುದಿಲ್ಲ, ಒಳಗಿದ್ದ ಚಿನ್ನವನ್ನು ಹೊರಗೆ ತೋರಿಸುತ್ತದೆ. ಕಷ್ಟ ವಿಶ್ವಾಸವನ್ನು ಹುಟ್ಟಿಸುತ್ತದೆ ಎಂದು ಪೇತ್ರನೂ ಹೇಳಿಲ್ಲ. ಅಂದಹಾಗೆ ಅವನೇ 4:15ರಲ್ಲಿ, ಕಳ್ಳತನ ಮಾಡಿಯೋ ಪರರ ವಿಷಯಕ್ಕೆ ತಲೆಹಾಕಿಯೋ ತಿಂದ ಪೆಟ್ಟನ್ನು ಈ ಲೆಕ್ಕಕ್ಕೆ ಹಾಕಬೇಡಿ ಎಂದೂ ಬರೆದಿದ್ದಾನೆ. ಸಾಲ ಮಾಡಿ ಚೀಟಿ ಮುಳುಗಿಸಿಕೊಂಡು ಅದನ್ನು ಶಿಲುಬೆ ಎನ್ನುವವರಿಗೆ ಇದು ಬೇಕಾಗುತ್ತದೆ.

ಉತ್ತರ: ಆಸ್ಪತ್ರೆ ಸೇವೆ

ವಾಕ್ಯದ ಮಾತು ಮೇಲಿನವರು ಹೇಳಿದ್ದಾರೆ. ಬೇರೆ ಕೆಲವು ಸಂಗತಿ.

ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಮುಗಿಸಿ ಬಂದ ದಿನ ಮೈಯಲ್ಲಿ ಶಕ್ತಿಯೇ ಇರುವುದಿಲ್ಲ. ಅವರಿಗೆ ಬುಧವಾರವೇ ಡಯಾಲಿಸಿಸ್ ಇದ್ದರೆ ಕೂಟದ ದಿನವನ್ನೇ ಬದಲಿಸಿ. ಅವರ ಮನೆಗೆ ಹೋಗುವಾಗ ಎಳನೀರು, ಬಾಳೆಹಣ್ಣು, ಕಿತ್ತಳೆ ಒಯ್ಯಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಅದನ್ನು ಹೊರಹಾಕದಿದ್ದಾಗ ಹೃದಯದ ಬಡಿತವೇ ಏರುಪೇರಾಗುತ್ತದೆ. ಕುಡಿಯುವ ನೀರಿಗೂ ಅವರಿಗೆ ಅಳತೆ ಇರುತ್ತದೆ, 'ಒಂದು ಲೋಟ ಕಾಫಿ ಕುಡೀರಿ' ಎಂದು ಒತ್ತಾಯಿಸಬೇಡಿ. ಕೈಯಿಟ್ಟು ಪ್ರಾರ್ಥಿಸುವಾಗ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಜಾಗ) ಇರುವ ತೋಳನ್ನು ಹಿಡಿದು ಅಮುಕಬಾರದು, ತಲೆಯ ಮೇಲೋ ಭುಜದ ಮೇಲೋ ಕೈಯಿಡಿ. ನೆಗಡಿ ಕೆಮ್ಮು ಇರುವವರು ಆ ವಾರ ಫೋನಿನಲ್ಲೇ ಪ್ರಾರ್ಥಿಸಲಿ. ಲೆಂಟ್ ಉಪವಾಸವನ್ನು ಇಂಥವರ ಮೇಲೂ, ಇನ್ಸುಲಿನ್ ತೆಗೆದುಕೊಳ್ಳುವವರ ಮೇಲೂ ಹೇರಬೇಡಿ. ವಿಶ್ವಾಸ ತೋರಿಸಲು ಔಷಧಿ ಬಿಡಿ ಎಂದು ಯಾರಾದರೂ ಅಂದರೆ ಅಲ್ಲಿಯೇ ತಡೆಯಿರಿ. 2 ಕೊರಿಂಥ 12ರಲ್ಲಿ ಪೌಲನು ಮೂರು ಸಲ ಬೇಡಿದರೂ, ಶರೀರದಲ್ಲಿ ನಾಟಿದ ಮುಳ್ಳು ಎಂದು ಅವನು ಕರೆದ ಬಾಧೆ ಹೋಗಲಿಲ್ಲ. ಅವನಿಗೆ ವಿಶ್ವಾಸ ಕಡಿಮೆಯಿತ್ತೇ?

ಗಂಡನನ್ನು ಕಳೆದುಕೊಂಡ ಅಕ್ಕನ ಹತ್ತಿರ 'ಏನಾದರೂ ಬೇಕಿದ್ದರೆ ಹೇಳಿ' ಎನ್ನಬೇಡಿ, ಯಾರೂ ಹೇಳುವುದಿಲ್ಲ. 'ಗುರುವಾರ ಹತ್ತಕ್ಕೆ ಬ್ಯಾಂಕಿಗೆ ಜೊತೆಗೆ ಬರುತ್ತೇನೆ, ಮರಣ ಪ್ರಮಾಣಪತ್ರದ ಐದು ಪ್ರತಿ ತೆಗೆಸಿಡೋಣ' ಎನ್ನಿ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತಿದ್ದೇ ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದ ಮೇಲೆ ಕೆಟ್ಟಿತು, ಕೊನೆಗೆ 42:7ರಲ್ಲಿ ದೇವರಿಂದಲೇ ಬೈಸಿಕೊಂಡರು.

ಹೆಣ್ಣುಮಕ್ಕಳು ಗಂಡನ ಹೊಡೆತವನ್ನು 'ನನ್ನ ಶಿಲುಬೆ' ಎಂದು ಹೇಳುವುದನ್ನು ಕೇಳಿದರೆ ಅದಕ್ಕೆ ಆಮೆನ್ ಅನ್ನಬೇಡಿ. ಅದು ಅಪರಾಧ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಬದುಕೇ ಬೇಡ ಎನ್ನುವ ಮಾತು ಬಂದರೆ ಟೆಲಿ ಮಾನಸ್ 14416ಕ್ಕೆ ಅಲ್ಲೇ ಕೂತು ಜೊತೆಯಲ್ಲಿ ಕರೆ ಮಾಡಿ. ಮತ್ತೆ, ಕೂಟದಲ್ಲಿ ಹೇಳಿದ ಪ್ರಾರ್ಥನೆಯ ವಿಷಯ ವಾಟ್ಸಾಪ್ ಗುಂಪಿಗೆ ಹೋಗಬಾರದು. 'ಪ್ರಾರ್ಥನೆಗಾಗಿ' ಎಂಬ ತಲೆಬರಹ ಹಾಕಿದರೆ ಚಾಡಿ ಚಾಡಿಯಲ್ಲದೆ ಹೋಗುವುದಿಲ್ಲ.

ಉತ್ತರ: ಕಡಲತಡಿ

ಎಲ್ಲರೂ ಬೈಬಲಿನ ಉದಾಹರಣೆ ಕೊಟ್ಟಿದ್ದೀರಿ. ನಮ್ಮ ನೆಲದ್ದೂ ಒಂದು ಇರಲಿ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಲದಲ್ಲಿ ದೀಕ್ಷಾಸ್ನಾನ ಎಂದರೆ ಮನೆ, ಕುಲಕಸುಬು, ಪಾಲು ಎಲ್ಲದರಿಂದ ಹೊರಗಾಗುವುದು. ಮತ ಬದಲಿಸಿದ ಕಾರಣಕ್ಕೆ ಆಸ್ತಿಯ ಹಕ್ಕು ಹೋಗಬಾರದೆಂದು ಕಾನೂನು ಬಂದದ್ದೇ 1850ರಲ್ಲಿ. ಬೀದಿಗೆ ಬಿದ್ದವರಿಗೆ ಮಿಷನ್ನಿನವರು ಬರೀ ತಾಳ್ಮೆಯ ಪ್ರಸಂಗ ಮಾಡಿ ಕೂರಲಿಲ್ಲ. ನೇಯ್ಗೆ ಕಲಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಕೂಲಿಯೂ ವಿಶ್ವಾಸವೂ ಒಂದೇ ಗೇಟಿನೊಳಗೆ ಬಂದಾಗ ಹುಟ್ಟುವ ತಕರಾರುಗಳು ಬೇರೆ, ಅದು ಇನ್ನೊಂದು ದಿನದ ಚರ್ಚೆ.

ಗುಣವಾಗದ ಕಾಯಿಲೆಗೆ ಉದಾಹರಣೆ ಬೇಕಿದ್ದರೆ ಮಿಷನರಿ ಏಮಿ ಕಾರ್ಮೈಕಲ್. 1895ರಲ್ಲಿ ಭಾರತಕ್ಕೆ ಬಂದಾಗ ಮೊದಲು ನೆಲೆಸಿದ್ದು ಬೆಂಗಳೂರಿನಲ್ಲಿ, ಆಮೇಲೆ ತಿರುನೆಲ್ವೇಲಿ ಕಡೆಯ ದೋಹ್ನಾವೂರು. 1931ರಲ್ಲಿ ಬಿದ್ದು ಪೆಟ್ಟಾಗಿ, 1951ರಲ್ಲಿ ಸಾಯುವ ತನಕ ಬಹುಪಾಲು ಕೋಣೆಯೊಳಗೇ ಇದ್ದು ಬರೆಯುತ್ತ ಹೋದರು. ಡಯಾಲಿಸಿಸ್‌ನ ಹಿರಿಯರಿಗೆ ಇದು ಗುಣವಾದವರ ಸಾಕ್ಷಿಗಿಂತ ಹತ್ತಿರವಾದೀತು.

ದಯವಿಟ್ಟು ಹದ್ದಿನ ಕಥೆ ಬೇಡ. ನಲವತ್ತು ವರ್ಷಕ್ಕೆ ಹದ್ದು ಬೆಟ್ಟಕ್ಕೆ ಹೋಗಿ ಕೊಕ್ಕು ಬಂಡೆಗೆ ಬಡಿದು ಕಿತ್ತುಕೊಳ್ಳುತ್ತದೆ, ಹೊಸದು ಬರುತ್ತದೆ ಎಂದು ಯೆಶಾಯ 40:31ಕ್ಕೆ ಅಂಟಿಸುತ್ತಾರೆ. ಕೊಕ್ಕು ಕಿತ್ತರೆ ಹದ್ದು ಹಸಿವಿನಿಂದ ಸಾಯುತ್ತದೆ. ಕೊಕ್ಕು ಸದಾ ಸವೆಯುತ್ತ ಬೆಳೆಯುತ್ತಿರುತ್ತದೆ, ಗರಿಗಳು ಸರದಿಯಲ್ಲಿ ಉದುರಿ ಹುಟ್ಟುತ್ತವೆ. ಅಕ್ಕಸಾಲಿಗ ಬೆಳ್ಳಿಯಲ್ಲಿ ತನ್ನ ಮುಖ ಕಾಣುವ ತನಕ ಕಾಯಿಸುತ್ತಾನೆ ಎನ್ನುವುದೂ ಮಲಾಕಿಯ 3:3ರಲ್ಲಿಲ್ಲ. ಅವನು ಕುಳಿತಿರುತ್ತಾನೆ ಎಂದಷ್ಟೇ ಇದೆ, ಅಷ್ಟೇ ಸಾಕಷ್ಟು ಚೆಲುವಾಗಿದೆ. ಸುಳ್ಳು ದೃಷ್ಟಾಂತ ಒಂದು ದಿನ ಮೊಬೈಲಿನಲ್ಲಿ ಬಯಲಾದಾಗ ಜೊತೆಗಿದ್ದ ವಾಕ್ಯದ ಮೇಲೂ ಅನುಮಾನ ಬರುತ್ತದೆ.

ಉತ್ತರ: ಸಂಶಯದ ತೋಮ

ಎಲ್ಲ ಸರಿ, ಮುಖ್ಯ ಪ್ರಶ್ನೆ ತಪ್ಪಿಸಿಕೊಂಡಿರಿ. ಕಷ್ಟವನ್ನು ದೇವರು ಕೊಡುತ್ತಾನೋ, ಬರಲು ಬಿಡುತ್ತಾನೋ? ಯಾರಾದರೂ ಕೇಳಿಯೇ ಕೇಳುತ್ತಾರೆ. ಮನುಷ್ಯರಿಗೆ ತಾಳಲಾರದ್ದನ್ನು ದೇವರು ಕೊಡುವುದಿಲ್ಲ ಎಂದು 1 ಕೊರಿಂಥ 10:13 ಹೇಳುತ್ತದಲ್ಲ?

ಉತ್ತರ: ಒರೆಗಲ್ಲು

ತೋಮ ಅವರೇ, 10:13 ಹೇಳುವುದು ಶೋಧನೆಯ ಬಗ್ಗೆ. ವಿಗ್ರಹಾರಾಧನೆಗೆ ಬೀಳದಂತೆ ತಪ್ಪಿಸಿಕೊಳ್ಳುವ ದಾರಿ ಇರುತ್ತದೆ ಎಂಬ ಮಾತು ಅದು, ಹೊರೆಯ ತೂಕದ ಮಾತಲ್ಲ. 2 ಕೊರಿಂಥ 1:8ರಲ್ಲಿ ಅದೇ ಪೌಲನು ತನಗೆ ಬಂದದ್ದು ಶಕ್ತಿಗೆ ಮೀರಿದ ಭಾರ, ಬದುಕುವ ಆಸೆಯೇ ಹೋಗಿತ್ತು ಎನ್ನುತ್ತಾನೆ. ಕೊಡುತ್ತಾನೋ ಬಿಡುತ್ತಾನೋ ಎಂಬುದಕ್ಕೆ ಸಭೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ. ಎರಡೂ ಕಡೆಯವರು ಆದಿಕಾಂಡ 50:20ಕ್ಕೆ ಬಂದು ನಿಲ್ಲುತ್ತಾರೆ. ಅಲ್ಲಿ ಒಂದೇ ಘಟನೆಗೆ ಎರಡು ಉದ್ದೇಶ, ಅಣ್ಣಂದಿರ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಮನೆಕೂಟದಲ್ಲಿ ಇಷ್ಟು ಹೇಳಿ ನಿಲ್ಲಿಸಿ. ಉಳಿದದ್ದನ್ನು ಅಯ್ಯನವರ ಜೊತೆ ಇನ್ನೊಂದು ಸಂಜೆ ಕೂತು ಜಗಳವಾಡಬಹುದು.

ಮತ್ತೆ ಕೇಳಿದವರು: ವಾರ್ಡ್ ಮನೆಕೂಟ

ಎಲ್ಲರಿಗೂ ತುಂಬ ವಂದನೆಗಳು. ಡಯಾಲಿಸಿಸ್ ಬುಧವಾರವೇ ಇದೆ, ಹಾಗಾಗಿ ಕೂಟ ಗುರುವಾರಕ್ಕೆ ಹೋಯಿತು. ಇನ್ನೊಂದೇ ಪ್ರಶ್ನೆ: ಕೀರ್ತನೆ 88ನ್ನು ಎಲ್ಲಾದರೂ ಸೇರಿಸಬಹುದೇ? ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಜನ ಗಾಬರಿಯಾದಾರು ಅನ್ನಿಸುತ್ತದೆ.

ಉತ್ತರ: ಒರೆಗಲ್ಲು

ಸೇರಿಸಿ, ಆದರೆ ಐದನೇ ವಾರಕ್ಕೆ ಬೇಡ. ಎರಡನೇ ವಾರ ಹಾಳೆಯ ನಾಲ್ಕನೇ ಸಾಲು ಖಾಲಿ ಬಿಟ್ಟವರಿಗಾಗಿ, ಕೊನೆಯಲ್ಲಿ ಒಮ್ಮೆ ನಿಧಾನವಾಗಿ ಓದಿ. ವಿವರಣೆ ಬೇಡ. ಕೊನೆಯ ಮಾತು ಕತ್ತಲೆ ಎಂದಿದ್ದರೂ ಇದು ಪ್ರಾರ್ಥನೆಗಳ ಸಾಲಿನಲ್ಲೇ ಕೂತಿದೆ ಎಂದು ಒಂದೇ ವಾಕ್ಯ ಹೇಳಿ ಮುಗಿಸಿ.

ಶುಭ ಶುಕ್ರವಾರ ಹತ್ತಿರ ಬರುತ್ತಿರುವುದರಿಂದ ಕೀರ್ತನೆ 22ನ್ನೂ ಇಟ್ಟುಕೊಳ್ಳಿ, ಶಿಲುಬೆಯ ಮೇಲೆ ಯೇಸು ಕೂಗಿದ್ದು ಅದರ ಮೊದಲ ಸಾಲನ್ನೇ. ಒಟ್ಟು 31 ವಚನ. 21ನೇ ವಚನದ ತನಕ ಶುಕ್ರವಾರ ಓದಿ ಪುಸ್ತಕ ಮುಚ್ಚಿ, ಸ್ತುತಿ ಶುರುವಾಗುವ 22ನೇ ವಚನದಿಂದ ಮುಂದಿನದನ್ನು ಈಸ್ಟರ್ ಬೆಳಗ್ಗೆ ಓದಿ. ನಡುವಿನ ಶನಿವಾರ ಏನೂ ಇಡಬೇಡಿ.